ಒಂದು ಕೌಂಟರ್, ಒಂದು ವರ್ಷ: ನಗರಸಭೆ ಸೇವೆ ಸುಧಾರಿಸಲು ವಿದ್ಯಾರ್ಥಿಗಳು ಏನು ಮಾಡಬಹುದು?

ಪ್ರಶ್ನೆ: ನಾವು ಮಂಡ್ಯದಲ್ಲಿ ಓದುತ್ತಿರುವ ಡಿಗ್ರಿ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ಗುಂಪು. ಹೋದ ವರ್ಷ ಎನ್‌ಎಸ್‌ಎಸ್ ಶಿಬಿರದಲ್ಲಿ ಒಂದು ಹಳ್ಳಿಯ ಚರಂಡಿ ಹೂಳು ತೆಗೆದೆವು, ಶಾಲೆ ಗೋಡೆಗೆ ಬಣ್ಣ ಬಳಿದೆವು. ಕೆಲವು ತಿಂಗಳು ಬಿಟ್ಟು ಹೋಗಿ ನೋಡಿದರೆ ಚರಂಡಿ ಮೊದಲಿನಂತೆಯೇ ಕಟ್ಟಿಕೊಂಡಿತ್ತು. ನಮ್ಮಲ್ಲಿ ಇಬ್ಬರು ದೂರು ಕೊಡುವ ಆ್ಯಪ್ ಮಾಡಿದ್ದರು. ಅದನ್ನು ಯಾರೂ ಬಳಸಲಿಲ್ಲ. ಈ ವರ್ಷ ನಗರಸಭೆ ಅಥವಾ ಪಂಚಾಯಿತಿಯ ಸೇವೆ ನಿಜವಾಗಿಯೂ ಸುಧಾರಿಸುವಂಥ ಕೆಲಸ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ಅಧಿಕಾರಿಗಳು ನಮ್ಮನ್ನು ಒಳಗೆ ಬಿಡುತ್ತಾರಾ? ಇದಕ್ಕೆ ಕಾಲೇಜಿನಲ್ಲಿ ಅಂಕ ಸಿಗುತ್ತದಾ?
(ಒಬ್ಬ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಶಿಬಿರ ಮುಗಿದ ಮೇಲೆ ಮತ್ತೆ ಆ ಹಳ್ಳಿಗೆ ಹೋಗಿ ನೋಡಿದಿರಲ್ಲ, ಹಾಗೆ ಹೋಗುವವರು ಬಹಳ ಕಡಿಮೆ. ನಿಮ್ಮ ಕೆಲಸ ಅಲ್ಲಿಂದಲೇ ಶುರುವಾಗಿದೆ.

ಮೊದಲು ನೇರ ಉತ್ತರ ಕೊಡುತ್ತೇನೆ. ಒಂದು ಕಚೇರಿ ಆರಿಸಿಕೊಳ್ಳಿ. ಅಲ್ಲಿ ಸಿಗುವ ಒಂದೇ ಸೇವೆ ಹಿಡಿಯಿರಿ. ಜನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದಾರೆ ಅನ್ನುವುದನ್ನು ಎಣಿಸಿ ಬರೆದಿಡಿ. ಕಚೇರಿಯವರ ಜೊತೆ ಕುಳಿತು ಒಂದೆರಡು ಸಣ್ಣ ಬದಲಾವಣೆ ಮಾಡಿಸಿ, ಮತ್ತೆ ಎಣಿಸಿ. ಒಂದು ಶೈಕ್ಷಣಿಕ ವರ್ಷಕ್ಕೆ ಇಷ್ಟು ಸಾಕು. ಜಾಸ್ತಿ ಅಂದುಕೊಂಡರೆ ಯಾವುದೂ ಮುಗಿಯುವುದಿಲ್ಲ.

ಚರಂಡಿ ಯಾಕೆ ಮತ್ತೆ ಕಟ್ಟಿಕೊಂಡಿತು? ಹೂಳು ತೆಗೆಯುವುದು ಪಂಚಾಯಿತಿ ಪ್ರತಿ ವರ್ಷ ಮಾಡಬೇಕಾದ ಕೆಲಸ. ಅದಕ್ಕೆ ಹಣ ಬೇಕು, ಕೂಲಿಯವರು ಬೇಕು, ಯಾವಾಗ ತೆಗೆಸಬೇಕು ಅನ್ನುವ ಲೆಕ್ಕ ಬೇಕು. ನೀವು ಒಂದು ದಿನ ಹೋಗಿ ಅವರ ಬದಲು ಆ ಕೆಲಸ ಮಾಡಿದಿರಿ. ಪಂಚಾಯಿತಿ ಕೆಲಸ ಮಾಡುವ ರೀತಿ ಮಾತ್ರ ಹಾಗೇ ಉಳಿಯಿತು. ಆ್ಯಪ್ ವಿಷಯವೂ ಇಷ್ಟೇ. ನಗರಗಳ ದೂರಿಗೆ ‘ಜನಹಿತ’ ಇದೆ, ಯಾವುದೇ ಇಲಾಖೆಯ ದೂರಿಗೆ 1902 ಸಹಾಯವಾಣಿ ಇದೆ, ಅರ್ಜಿ ಹಾಕಲು ‘ಸೇವಾಸಿಂಧು’ ಇದೆ. ದೂರು ಕೊಡಲು ದಾರಿ ಇಲ್ಲದೆ ಜನ ಸುಮ್ಮನಿಲ್ಲ. ಕೊಟ್ಟರೆ ಏನಾಗುತ್ತದೆ ಅನ್ನುವ ನಂಬಿಕೆ ಇಲ್ಲ, ಅಷ್ಟೇ. ಅದೂ ಅಲ್ಲದೆ, ಆ್ಯಪ್ ಮಾಡಿದ ಹುಡುಗರು ಪಾಸಾಗಿ ಬೆಂಗಳೂರಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು?

ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಮೊದಲು ಒಂದು ಎಚ್ಚರಿಕೆ. ಯಾವ ಕೆಲಸ ಯಾರದು ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ಓದಿದವರೂ ಇಲ್ಲಿ ಎಡವುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೊಡುವುದು ಕಂದಾಯ ಇಲಾಖೆ. ಅದಕ್ಕೆ ಹೋಬಳಿಯ ನಾಡಕಚೇರಿಗೆ ಹೋಗಬೇಕು, ನಗರಸಭೆಗೆ ಅಲ್ಲ. ಬೀದಿದೀಪ ಉರಿಸುವುದು ನಗರಸಭೆ, ಅದಕ್ಕೆ ಕರೆಂಟು ಕೊಡುವುದು ಸೆಸ್ಕ್. ಬಲ್ಬು ಹೋಗಿದೆಯಾ, ಲೈನ್ ಹೋಗಿದೆಯಾ ಅನ್ನುವುದರ ಮೇಲೆ ಯಾರ ಬಾಗಿಲು ತಟ್ಟಬೇಕು ಅನ್ನುವುದು ತೀರ್ಮಾನವಾಗುತ್ತದೆ. ಊರೊಳಗಿನ ರಸ್ತೆಗಳೂ ಎಲ್ಲ ನಗರಸಭೆಯವಲ್ಲ. ಕೆಲವು ಲೋಕೋಪಯೋಗಿ ಇಲಾಖೆಯವು, ಕೆಲವು ಹೆದ್ದಾರಿ ಪ್ರಾಧಿಕಾರದವು. ತಪ್ಪು ಕಚೇರಿಗೆ ಹೋಗಿ ಜಗಳ ಮಾಡಿದರೆ ಮೊದಲ ದಿನವೇ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ.

ನನ್ನ ಸಲಹೆ ಕೇಳಿದರೆ, ಜನನ ಪ್ರಮಾಣಪತ್ರದ ಕೌಂಟರಿನಿಂದ ಶುರು ಮಾಡಿ. ಕಾರಣ ಹೇಳುತ್ತೇನೆ.

ಮಗು ಎಲ್ಲಿ ಹುಟ್ಟಿತೋ ಅಲ್ಲೇ ಜನನ ನೋಂದಣಿ ಆಗಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. ಬಸರಾಳಿನ ಕಡೆಯವರು ಹೆರಿಗೆಗೆ ಮಂಡ್ಯದ ಖಾಸಗಿ ನರ್ಸಿಂಗ್ ಹೋಮಿಗೆ ಬಂದರೆ ಮಗುವಿನ ದಾಖಲೆ ಮಂಡ್ಯದಲ್ಲೇ ಉಳಿಯುತ್ತದೆ, ಅವರ ಊರಿನಲ್ಲಿ ಅಲ್ಲ. ಇದು ಗೊತ್ತಿಲ್ಲದೆ ಜನ ಊರಿನ ಪಂಚಾಯಿತಿ, ನಾಡಕಚೇರಿ, ಆಸ್ಪತ್ರೆ ಅಂತ ಸುತ್ತುತ್ತಾರೆ. ಒಂದೊಂದು ಸುತ್ತಿಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. 21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕ ಇಲ್ಲ. ಹೆಸರಿಡದೆಯೂ ನೋಂದಣಿ ಮಾಡಿಸಬಹುದು. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಿದರೆ ಅದಕ್ಕೂ ಶುಲ್ಕ ಇಲ್ಲ. ಅನೇಕ ಮನೆಗಳಲ್ಲಿ ಈ ಎರಡನೆಯ ಹೆಜ್ಜೆ ಮರೆತೇ ಹೋಗುತ್ತದೆ. ಮಗು ಸ್ಕೂಲಿಗೆ ಸೇರುವ ವರ್ಷ ಪ್ರಮಾಣಪತ್ರ ತೆಗೆದು ನೋಡಿದರೆ ಹೆಸರಿನ ಜಾಗ ಖಾಲಿ!

ಇದೇನು ಸಣ್ಣ ಕಾಗದವಲ್ಲ. ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಯಿತು. ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದು, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ದಾಖಲೆ ಅಂದರೆ ಇದೇ. ಈ ಕಾಗದದಲ್ಲಿ ಒಂದು ಅಕ್ಷರ ತಪ್ಪಿದರೆ ಆ ಮಗು ಜೀವನಪೂರ್ತಿ ಅಫಿಡವಿಟ್ ಹಿಡಿದುಕೊಂಡು ಓಡಾಡಬೇಕು. ಬಡವರಿಗೆ ಇದರ ಏಟು ಜಾಸ್ತಿ. ಹಾಗಾಗಿ ಈ ಒಂದು ಕೌಂಟರ್ ಸರಿಯಾದರೂ ಸುತ್ತಮುತ್ತಲ ಎಷ್ಟೋ ಊರುಗಳಿಗೆ ಉಪಕಾರ ಆಗುತ್ತದೆ.

ಎಣಿಸುವುದು ಹೇಗೆ? ಕಚೇರಿಯಿಂದ ಹೊರಗೆ ಬರುವವರನ್ನು ಮಾತಾಡಿಸಿ. ಒಳಗೆ ಹೋಗುವವರು ಆತುರದಲ್ಲಿರುತ್ತಾರೆ. ಹೊರಗೆ ಬರುವವರಿಗೆ ಹೇಳಿಕೊಳ್ಳಲು ಏನಾದರೂ ಇದ್ದೇ ಇರುತ್ತದೆ. ನಾಲ್ಕೈದು ಪ್ರಶ್ನೆ ಸಾಕು. ಈ ಕೆಲಸಕ್ಕೆ ಇದು ಎಷ್ಟನೇ ಸಲ ಬಂದದ್ದು? ಮೊದಲ ಸಲ ಬಂದದ್ದು ಯಾವಾಗ? ಇವತ್ತು ಕೆಲಸ ಆಯಿತಾ, ಇಲ್ಲದಿದ್ದರೆ ಏನು ಹೇಳಿ ಕಳಿಸಿದರು? ಇಲ್ಲಿತನಕ ಎಷ್ಟು ಖರ್ಚಾಯಿತು? ಕೈಯಲ್ಲಿ ಸ್ವೀಕೃತಿ ಚೀಟಿ ಇದೆಯಾ? ಹೆಸರು ಕೇಳಬೇಡಿ, ಫೋನ್ ನಂಬರ್ ಕೇಳಬೇಡಿ. ವಾರದ ಬೇರೆ ಬೇರೆ ದಿನ, ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡೂ ಹೊತ್ತು ನಿಲ್ಲಿ. ಸೋಮವಾರ ಬರೀ ಬೆಳಿಗ್ಗೆ ನಿಂತರೆ ಕಚೇರಿ ದಿನಾ ತುಂಬಿ ತುಳುಕುತ್ತದೆ ಅನ್ನಿಸುತ್ತದೆ. ಗುರುವಾರ ಮಧ್ಯಾಹ್ನ ನಿಂತರೆ ಅಲ್ಲಿ ಯಾವ ತೊಂದರೆಯೂ ಇಲ್ಲ ಅನ್ನಿಸಬಹುದು.

ಸ್ವೀಕೃತಿ ಚೀಟಿಯ ಆ ಕೊನೆಯ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ಕರ್ನಾಟಕದಲ್ಲಿ ‘ಸಕಾಲ’ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂತು. ಸಕಾಲದ ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು ಇದೆ. ಅರ್ಜಿ ಕೊಟ್ಟ ತಕ್ಷಣ 15 ಅಂಕಿಗಳ ಒಂದು ಸಂಖ್ಯೆ ಕೊಡಬೇಕು. ಗಡುವು ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ. ಆ ಸಂಖ್ಯೆ ದೊಡ್ಡದು. ಅದು ಇದ್ದರೆ ಅರ್ಜಿಗೆ ಒಂದು ತಾರೀಖು ಇರುತ್ತದೆ. ಅದು ಇಲ್ಲದಿದ್ದರೆ ‘ನಾಳೆ ಬನ್ನಿ’ ಅನ್ನುವುದಕ್ಕೆ ಕೊನೆಯೇ ಇರುವುದಿಲ್ಲ, ಯಾಕೆಂದರೆ ಅರ್ಜಿ ಬಂದಿದೆ ಅನ್ನುವುದಕ್ಕೇ ದಾಖಲೆ ಇಲ್ಲ. ಆದ್ದರಿಂದ ಸಕಾಲದಲ್ಲಿ ಬರುವ ಸೇವೆಗೆ ಅರ್ಜಿ ಕೊಟ್ಟು ಹೊರಬಂದ ನೂರು ಜನರಲ್ಲಿ ಎಷ್ಟು ಜನರ ಕೈಯಲ್ಲಿ ಈ ಸಂಖ್ಯೆ ಇತ್ತು ಅನ್ನುವ ಒಂದೇ ಲೆಕ್ಕ ಸಾಕು, ಆ ಕೌಂಟರ್ ಹೇಗಿದೆ ಅಂತ ಗೊತ್ತಾಗುತ್ತದೆ. ಇದನ್ನು ಬಿ.ಕಾಂ. ಓದುವವರೂ ಮಾಡಬಹುದು, ಬಿ.ಇ. ಓದುವವರೂ ಮಾಡಬಹುದು.

ಇದರ ಜೊತೆಗೇ ಇನ್ನೊಂದು ವಿಷಯ ಗಮನಿಸಿ. ಬಹಳ ಜನ ಮಧ್ಯವರ್ತಿಯ ಕೈಯಲ್ಲಿ ಅರ್ಜಿ ಹಾಕಿಸುತ್ತಾರೆ. ಅವನು ತನ್ನದೇ ಮೊಬೈಲ್ ನಂಬರ್ ಹಾಕಿರುತ್ತಾನೆ. ಎಸ್‌ಎಂಎಸ್ ಅವನಿಗೆ ಹೋಗುತ್ತದೆ. ಕೆಲಸ ಆಗಿರುವುದು ಅರ್ಜಿದಾರರಿಗೆ ಗೊತ್ತೇ ಆಗುವುದಿಲ್ಲ. ಆಗಿಲ್ಲ ಅಂದುಕೊಂಡು ಮತ್ತೆ ಅವನಿಗೇ ದುಡ್ಡು ಕೊಡುತ್ತಾರೆ. ‘ಚೀಟಿಯಲ್ಲಿ ನಿಮ್ಮ ನಂಬರ್ ಇದೆಯಾ ನೋಡಿಕೊಳ್ಳಿ’ ಅಂತ ಕೌಂಟರಿನ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಅಂಟಿಸಿದರೂ ಅದು ಸೇವೆಯ ಸುಧಾರಣೆಯೇ.

ಲೆಕ್ಕ ಬಂದ ಮೇಲೆ ಸರಾಸರಿ ತೆಗೆದು ಕೂರಬೇಡಿ. ಒಬ್ಬರ ಅರ್ಜಿ ಎರಡು ವರ್ಷದಿಂದ ಬಾಕಿ ಇದ್ದರೆ ಸರಾಸರಿ ಪೂರ್ತಿ ಕೆಡುತ್ತದೆ. ಎಲ್ಲರನ್ನೂ ದಿನಗಳ ಲೆಕ್ಕದಲ್ಲಿ ಸಾಲಾಗಿ ಬರೆದು ನಡುವೆ ಯಾರಿದ್ದಾರೆ ನೋಡಿ. ಸಾಮಾನ್ಯ ಅರ್ಜಿದಾರರ ಪಾಡು ಅಲ್ಲಿ ಕಾಣುತ್ತದೆ. ಕೊನೆಯ ಹತ್ತು ಜನರ ಕಥೆಯನ್ನು ಬೇರೆಯಾಗಿ ಬರೆದುಕೊಳ್ಳಿ. ಅವರ ಫೈಲು ಯಾವ ಟೇಬಲ್ ಮೇಲೆ ನಿಂತಿತು ಅಂತ ಕೇಳಿದರೆ ಕಚೇರಿಯ ನಿಜವಾದ ತೊಡಕು ಬಯಲಾಗುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಅಧಿಕಾರಿಗಳು ಒಳಗೆ ಬಿಡುತ್ತಾರಾ? ಬಿಡುತ್ತಾರೆ, ಆದರೆ ಅವರ ಭಯ ಏನು ಅಂತ ನಿಮಗೆ ಅರ್ಥವಾಗಿರಬೇಕು. ಮೊಬೈಲ್ ಹಿಡಿದು ಬರುವ ಯುವಕರನ್ನು ಕಂಡರೆ ಸಿಬ್ಬಂದಿಗೆ ಮೊದಲು ಹೊಳೆಯುವುದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ವಿಡಿಯೊ. ಹಿಂದೆ ಅವರಿಗೆ ಹಾಗೆ ಆಗಿರಲೂಬಹುದು. ಆದ್ದರಿಂದ ಮೊದಲ ಭೇಟಿಯಲ್ಲೇ ಬರವಣಿಗೆಯಲ್ಲಿ ಮಾತು ಕೊಡಿ. ವಿಡಿಯೊ ಮಾಡುವುದಿಲ್ಲ. ಯಾವ ನೌಕರರ ಹೆಸರೂ ವರದಿಯಲ್ಲಿ ಇರುವುದಿಲ್ಲ. ಸಿಕ್ಕ ಲೆಕ್ಕವನ್ನು ಮೊದಲು ಕಚೇರಿಗೇ ತೋರಿಸುತ್ತೇವೆ, ಹದಿನೈದು ದಿನ ಬಿಟ್ಟು ಸಾರ್ವಜನಿಕರ ಮುಂದೆ ಇಡುತ್ತೇವೆ. ಕೊನೆಯದನ್ನು ಬಿಡಬೇಡಿ. ಕಚೇರಿಗೆ ಮಾತ್ರ ಗೊತ್ತಿರುವ ವರದಿ ಬೀರುವಿನಲ್ಲೇ ಉಳಿಯುತ್ತದೆ.

ಕೌಂಟರಿನ ಆ ಕಡೆಗೂ ಕುಳಿತು ನೋಡಿ. ಇದು ನನ್ನ ಕಳಕಳಿಯ ಮಾತು. ಒಬ್ಬರೇ ನೌಕರರು ಅರ್ಜಿ ತೆಗೆದುಕೊಳ್ಳಬೇಕು, ಹಳೆ ರಿಜಿಸ್ಟರ್ ಹುಡುಕಬೇಕು, ಕಂಪ್ಯೂಟರಿನಲ್ಲಿ ಹಾಕಬೇಕು, ಸಹಿಗೆ ಕಳಿಸಬೇಕು. ನಡುವೆ ಸರ್ವರ್ ಕೈಕೊಡುತ್ತದೆ. ಎದುರಿಗೆ ನಿಂತವರು ಬೈಯುತ್ತಾರೆ. ಜನರಿಗೆ ಯಾಕೆ ತಡವಾಗುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಆ ಕುರ್ಚಿಯ ಬಳಿ ಇದೆ. ಒಂದು ಪುಟ್ಟ ಪಂಚಾಯಿತಿಯಲ್ಲಿ ನಾನು ಕಂಡದ್ದು ಹೇಳುತ್ತೇನೆ. ತಿರುಗಿಸಿ ಕಳಿಸಿದ ಅರ್ಜಿಗಳನ್ನೆಲ್ಲ ಹರಡಿಕೊಂಡು ಕುಳಿತಾಗ ಹೆಚ್ಚಿನವು ಎರಡೇ ಕಾರಣಕ್ಕೆ ವಾಪಸ್ ಹೋಗಿದ್ದವು. ಒಂದು, ಆಧಾರ್‌ನಲ್ಲಿ ಇರುವ ಹೆಸರಿಗೂ ದಾಖಲೆಯಲ್ಲಿರುವ ಹೆಸರಿಗೂ ವ್ಯತ್ಯಾಸ. ಇನ್ನೊಂದು, ಒಂದು ಜೆರಾಕ್ಸ್ ಕಡಿಮೆ. ಎರಡನೆಯದಕ್ಕೆ ಬಾಗಿಲಲ್ಲಿ ಒಂದು ಬೋರ್ಡು ಸಾಕಾಯಿತು. ಯಾವ ಕೆಲಸಕ್ಕೆ ಯಾವ ಕಾಗದ, ಎಷ್ಟು ಪ್ರತಿ ಅಂತ ಬರೆದು, ಪಕ್ಕದಲ್ಲಿ ತುಂಬಿದ ಒಂದು ಮಾದರಿ ಅರ್ಜಿಯನ್ನೂ ಅಂಟಿಸಿದರು. ಖರ್ಚು ಹೆಚ್ಚೇನೂ ಇಲ್ಲ. ಜನರ ಒಂದು ಸುತ್ತು ಉಳಿಯಿತು.

ಇಲ್ಲಿ ಕನ್ನಡ ಎಂ.ಎ. ಮಾಡುತ್ತಿರುವ ಗೆಳೆಯರಿದ್ದರೆ ಅವರನ್ನೂ ಕರೆದುಕೊಳ್ಳಿ. ಇಂಥ ಕೆಲಸಕ್ಕೆ ಕಂಪ್ಯೂಟರ್ ಸೈನ್ಸ್ ಮಾತ್ರ ಬೇಕು ಅನ್ನುವ ಭಾವನೆ ನಮ್ಮಲ್ಲಿದೆ, ಅದು ಸರಿಯಲ್ಲ. ಕಚೇರಿಯಿಂದ ಬರುವ ಹಿಂಬರಹಗಳನ್ನು ಓದಿ ನೋಡಿ. ‘ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಅಗತ್ಯ ದಾಖಲಾತಿಗಳನ್ನು ಲಗತ್ತಿಸದೇ ಇರುವುದು ಕಂಡುಬಂದಿರುವುದರಿಂದ ಮುಂದಿನ ಕ್ರಮ ಸಾಧ್ಯವಿರುವುದಿಲ್ಲ’ ಅಂತ ಇರುತ್ತದೆ. ಓದಿದವರಿಗೆ ಏನು ತರಬೇಕು ಅಂತ ಗೊತ್ತಾಯಿತಾ? ಅದರ ಬದಲು ‘ನಿಮ್ಮ ಅರ್ಜಿ ಜೊತೆ ಈ ವರ್ಷದ ತೆರಿಗೆ ರಸೀದಿ ಇಲ್ಲ. ಅದರ ಒಂದು ಜೆರಾಕ್ಸ್ ತಂದು 3ನೇ ಕೌಂಟರಿನಲ್ಲಿ ಕೊಡಿ’ ಅಂತ ಬರೆದರೆ ಮುಂದಿನ ಸಲ ಕೆಲಸ ಆಗಿಯೇಬಿಡುತ್ತದೆ. ಕಚೇರಿ ಜಾಸ್ತಿ ಬಳಸುವ ಹತ್ತು ಹಿಂಬರಹಗಳನ್ನು ಹೀಗೆ ಸರಳ ಮಾಡಿ ಪೌರಾಯುಕ್ತರಿಗೆ ಕೊಡಿ. ಅವರು ಒಪ್ಪಿದರೆ ಮಾರನೆಯ ದಿನದಿಂದಲೇ ಬಳಕೆಗೆ ಬರಬಹುದು. ಕಾನೂನು ವಿದ್ಯಾರ್ಥಿ ಒಬ್ಬರು ಅರ್ಥ ತಪ್ಪದಂತೆ ನೋಡಿಕೊಳ್ಳಲಿ.

ಇಂಜಿನಿಯರಿಂಗ್ ಗೆಳೆಯರಿಗೆ ಬೇರೆ ಕೆಲಸ ಇದೆ. ಮಂಡ್ಯ ನಗರಸಭೆಗೆ 35 ವಾರ್ಡು. ಅದರಲ್ಲಿ ಒಂದೇ ವಾರ್ಡು ತೆಗೆದುಕೊಳ್ಳಲಿ. ಬೀದಿದೀಪದ ಪ್ರತಿ ಕಂಬಕ್ಕೂ ಒಂದು ನಂಬರ್ ಇದೆಯಾ ನೋಡಲಿ. ಇಲ್ಲದಿದ್ದರೆ ನಗರಸಭೆಯ ಒಪ್ಪಿಗೆ ಪಡೆದು ಬರೆಯಲಿ, ಪಟ್ಟಿ ಮಾಡಲಿ. ‘ದೇವಸ್ಥಾನದ ಹಿಂದಿನ ಲೈಟು’ ಅಂತ ದೂರು ಕೊಟ್ಟರೆ ರಿಪೇರಿಯವರು ಹುಡುಕಬೇಕು. ಕಂಬದ ನಂಬರ್ ಕೊಟ್ಟರೆ ಹುಡುಕುವ ಕೆಲಸವೇ ಇಲ್ಲ. ತಿಂಗಳಿಗೊಮ್ಮೆ ರಾತ್ರಿ ವಾರ್ಡು ಸುತ್ತಿ ಉರಿಯದ ಕಂಬಗಳನ್ನು ಗುರುತು ಹಾಕಿದರೆ, ದೂರು ಕೊಟ್ಟ ಎಷ್ಟು ದಿನಕ್ಕೆ ಲೈಟು ಬಂತು ಅನ್ನುವ ಲೆಕ್ಕವೂ ತಾನಾಗಿ ಸಿಗುತ್ತದೆ. ಹುಡುಗಿಯರು ಟ್ಯೂಷನ್ ಮುಗಿಸಿ ಬರುವ ದಾರಿಯಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಒಬ್ಬೊಬ್ಬರೇ ಹೋಗಬೇಡಿ, ಗುಂಪಾಗಿ ಹೋಗಿ.

ಹೀಗೆ ಬೇರೆ ಬೇರೆ ವಿಭಾಗದವರು ಸೇರಿ ಒಂದೇ ಊರಿಗೆ ಕೆಲಸ ಮಾಡುವುದು ಹೊಸದೇನಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯ 2009ರಲ್ಲಿ ಇದನ್ನು ಕ್ರಮವಾಗಿ ಶುರು ಮಾಡಿತು. ಮೊದಲ ವರ್ಷ ಗ್ರೆಶಮ್ ಎಂಬ ಊರನ್ನು ಆರಿಸಿಕೊಂಡರು, ಮಾರನೆಯ ವರ್ಷ ಸೇಲಂ. ಊರಿನ ಆಡಳಿತ ತನಗಿರುವ ಸಮಸ್ಯೆಗಳ ಪಟ್ಟಿ ಕೊಡುತ್ತದೆ. ಬೇರೆ ಬೇರೆ ವಿಭಾಗದ ಮೇಷ್ಟ್ರುಗಳು ಅದನ್ನೇ ತಮ್ಮ ತರಗತಿಯ ಪ್ರಾಜೆಕ್ಟ್ ಮಾಡುತ್ತಾರೆ. ಮಕ್ಕಳು ಹೇಗೂ ಪ್ರಾಜೆಕ್ಟ್ ಬರೆಯಲೇಬೇಕು, ಅದು ಊರಿನ ಕೆಲಸಕ್ಕೇ ಬರಲಿ ಅನ್ನುವುದು ಅವರ ಲೆಕ್ಕ. ಇದು ಬೇರೆ ಕಡೆಗಳಿಗೂ ಹರಡಿದೆ. ನಮಗೆ ಇದರಲ್ಲಿ ಮುಖ್ಯವಾದದ್ದು ಒಂದೇ: ಸಮಸ್ಯೆಯನ್ನು ಕಚೇರಿಯವರ ಬಾಯಿಂದಲೂ ಕೇಳಬೇಕು. ನಾವೇ ಊಹಿಸಿಕೊಂಡು ಹೋಗಬಾರದು.

ನಮ್ಮದೇ ರಾಜ್ಯದ ಉದಾಹರಣೆಯೂ ಇದೆ. ಬೆಂಗಳೂರಿನಲ್ಲಿ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಮತ್ತು ಸಂಗಡಿಗರು 1990ರ ದಶಕದ ಮೊದಲಲ್ಲಿ ನೀರು, ಕರೆಂಟು, ಪಾಲಿಕೆಯಂಥ ಸೇವೆಗಳ ಬಗ್ಗೆ ಜನರನ್ನು ಕೇಳಿ ಇಲಾಖೆಗಳಿಗೆ ಅಂಕಪಟ್ಟಿ ತಯಾರಿಸಿದರು. ಪಬ್ಲಿಕ್ ಅಫೇರ್ಸ್ ಸೆಂಟರ್ ಸಂಸ್ಥೆ ಬೆಳೆದದ್ದು ಆ ಕೆಲಸದಿಂದ. ಮೊದಲ ಅಂಕಪಟ್ಟಿ 1994ರಲ್ಲಿ ಬಂತು, ಫಲಿತಾಂಶ ಬಹಳ ಕೆಟ್ಟದಾಗಿತ್ತು, ಪತ್ರಿಕೆಗಳು ಬರೆದವು. ಆದರೆ ಅದರ ಬೆಲೆ ಗೊತ್ತಾದದ್ದು 1999ರಲ್ಲಿ ಮತ್ತು 2003ರಲ್ಲಿ ಅದೇ ರೀತಿ ಮತ್ತೆ ಕೇಳಿದಾಗ. ಮೂರನೆಯ ಸಲ ಜನರ ಸಮಾಧಾನ ಎದ್ದು ಕಾಣುವಷ್ಟು ಹೆಚ್ಚಿತ್ತು. ಒಂದೇ ಸಲ ಕೇಳಿ ಬಿಟ್ಟಿದ್ದರೆ ಅದು ಒಂದು ದಿನದ ಸುದ್ದಿ ಆಗಿರುತ್ತಿತ್ತು. ನೀವೂ ಜುಲೈನಲ್ಲಿ ಕೇಳಿದ ಪ್ರಶ್ನೆಯನ್ನೇ ಫೆಬ್ರವರಿಯಲ್ಲಿ ಕೇಳಿ, ಒಂದು ಪದವನ್ನೂ ಬದಲಿಸದೆ.

ಹತ್ತಿರದಲ್ಲೇ ಇರುವ ಮೈಸೂರಿಗೂ ಒಮ್ಮೆ ಹೋಗಿ ಬನ್ನಿ. 1903ರಲ್ಲೇ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಅದು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ 73 ನಗರಗಳ ಪೈಕಿ ಮೊದಲ ಸ್ಥಾನ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಅದರ ಹಿಂದೆ ಇದ್ದದ್ದು ಪೌರಕಾರ್ಮಿಕರ ಬೆಳಗಿನ ಜಾವದ ದುಡಿಮೆ ಮತ್ತು ಕಸ ಬೇರೆ ಮಾಡಿ ಕೊಟ್ಟ ಮನೆಗಳು. ಕುಂಬಾರಕೊಪ್ಪಲಿನ ಶೂನ್ಯ ಕಸ ಘಟಕದ ಹೆಸರು ನೀವೂ ಕೇಳಿರಬಹುದು. ಅದೇ ಊರಿನಲ್ಲಿ ವಿದ್ಯಾರಣ್ಯಪುರಂ ಸೂಯೇಜ್ ಫಾರಂನ ಕಸದ ರಾಶಿಯ ವಾಸನೆಯನ್ನು ಅಕ್ಕಪಕ್ಕದವರು ವರ್ಷಗಟ್ಟಲೆ ಸಹಿಸಿದ್ದಾರೆ. ಎರಡೂ ಜಾಗ ನೋಡಿ. ಒಂದೇ ಪಾಲಿಕೆಯಲ್ಲಿ ಒಂದು ಕೆಲಸ ಯಾಕೆ ಸರಿಹೋಗುತ್ತದೆ, ಇನ್ನೊಂದು ಯಾಕೆ ಹಾಗೇ ಉಳಿಯುತ್ತದೆ ಅನ್ನುವುದನ್ನು ಪುಸ್ತಕದಿಂದ ಕಲಿಯುವುದು ಕಷ್ಟ. ಅಂದಹಾಗೆ, ರಾಜ್ಯದ ಅಧಿಕಾರಿಗಳಿಗೆ ತರಬೇತಿ ಕೊಡುವ ಆಡಳಿತ ತರಬೇತಿ ಸಂಸ್ಥೆಯೂ, ಪಂಚಾಯಿತಿಯವರಿಗೆ ತರಬೇತಿ ಕೊಡುವ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯೂ ಮೈಸೂರಿನಲ್ಲೇ ಇವೆ. ನಿಮ್ಮ ಮೇಷ್ಟ್ರ ಮೂಲಕ ಪತ್ರ ಬರೆದು ಅಲ್ಲಿನ ಬೋಧಕರೊಬ್ಬರ ಜೊತೆ ಮಾತಾಡಲು ಸಮಯ ಕೇಳಿ.

ಪಂಚಾಯಿತಿಯಲ್ಲಿ ಕೆಲಸ ಮಾಡುವ ಆಸೆ ಇದ್ದರೆ ನಿಮಗೆ ಒಂದು ಅನುಕೂಲ ಇದೆ, ಅದನ್ನು ಹೆಚ್ಚಿನವರು ಮರೆತಿರುತ್ತಾರೆ. 18 ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ನಿಮ್ಮ ಊರಿನ ಗ್ರಾಮ ಸಭೆಯ ಸದಸ್ಯರು. ಅಲ್ಲಿ ನೀವು ಹೊರಗಿನವರಲ್ಲ, ಯಾರ ಅನುಮತಿಯೂ ಬೇಕಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ. ಹಾಸ್ಟೆಲಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಸಭೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದರೆ ಹೇಗಿರುತ್ತದೆ ಯೋಚಿಸಿ. ಉದಾಹರಣೆಗೆ, ನೀರುಗಂಟಿ ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಬಿಡುತ್ತಾರೆ ಅನ್ನುವುದನ್ನು ಬೋರ್ಡಿನಲ್ಲಿ ಹಾಕಬಹುದಾ? ನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಗೊತ್ತಿಲ್ಲದೆ ಕೂಲಿಗೆ ಹೋಗದೆ ಮನೆಯಲ್ಲಿ ಕಾಯುವ ಹೆಂಗಸರು ಈಗಲೂ ಇದ್ದಾರೆ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಪಂಚಾಯಿತಿಯ ಲೆಕ್ಕಪತ್ರ ಮತ್ತು ಕಾಮಗಾರಿಯನ್ನು ಊರವರ ಮುಂದೆ ಇಡುವ ದಿನ ಅದು. ಕಾಮರ್ಸ್ ಓದುವವರು ಅಲ್ಲಿ ಹೋಗಿ ಕೂರಲಿ. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಕಾಲದಲ್ಲಿ ಈ ಸಭೆಗಳು ತಪ್ಪುವ ಸಾಧ್ಯತೆ ಜಾಸ್ತಿ. ಆಗ ಪಿಡಿಒ ಅವರಿಗೆ ಸಭೆ ಯಾವತ್ತು ಅಂತ ಬರವಣಿಗೆಯಲ್ಲಿ ಕೇಳಿ.

ಕಚೇರಿಯವರು ಖಡಾಖಂಡಿತವಾಗಿ ಆಗುವುದಿಲ್ಲ ಅಂದರೆ? ಹೊರಗೆ ನಿಂತು ಜನರನ್ನು ಮಾತಾಡಿಸಲು ಅವರ ಒಪ್ಪಿಗೆ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯೂ ಇದೆ. ಅದರ 4(1)(ಬಿ) ಪ್ರಕಾರ ಪ್ರತಿ ಕಚೇರಿ ತನ್ನ ಕೆಲಸ, ನಿಯಮ, ಸಿಬ್ಬಂದಿ, ಬಜೆಟ್ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಿರಬೇಕು. ಮೊದಲು ಅದನ್ನು ನೋಡಿ. ಆಮೇಲೂ ಬೇಕಿದ್ದರೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಆದರೆ ಇದನ್ನೇ ಮೊದಲ ಹೆಜ್ಜೆ ಮಾಡಬೇಡಿ. ಮೊದಲ ದಿನವೇ ಆರ್‌ಟಿಐ ಅರ್ಜಿ ಹಿಡಿದು ಹೋದವರ ಜೊತೆ ಕಚೇರಿ ಕೂತು ಮಾತಾಡುವುದಿಲ್ಲ.

ನೀವು ಮಾಡಲೇಬಾರದ ಕೆಲವು ಕೆಲಸ ಹೇಳುತ್ತೇನೆ, ಇದರಲ್ಲಿ ನನಗೆ ರಾಜಿ ಇಲ್ಲ. ಯಾರ ಆಧಾರ್ ಕಾರ್ಡಿನ ಫೋಟೊವೂ ನಿಮ್ಮ ಮೊಬೈಲಿನಲ್ಲಿ ಇರಬಾರದು. ಒಟಿಪಿ ಕೇಳಬಾರದು. ಅರ್ಜಿ ತುಂಬಲು ಸಹಾಯ ಮಾಡಿ, ಆದರೆ ಅದು ಅವರದೇ ಮೊಬೈಲ್ ನಂಬರಿನಲ್ಲಿ ಇರಲಿ. ಟೀ ಕುಡಿಯಿರಿ ಅಂತ ಹತ್ತು ರೂಪಾಯಿ ಕೊಟ್ಟರೂ ಬೇಡ ಅನ್ನಿ. ಅಧಿಕಾರಿ ಗೊತ್ತು ಅಂತ ಯಾರದೋ ಒಬ್ಬರ ಫೈಲು ಮುಂದೆ ಹಾಕಿಸಬೇಡಿ. ಹಾಗೆ ಮಾಡಿದ ದಿನ ಆ ಕಚೇರಿಗೆ ಇನ್ನೊಬ್ಬ ಮಧ್ಯವರ್ತಿ ಸಿಕ್ಕಿದ ಹಾಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜನರ ವಿವರ ಸೇರಿಸಿ ಇಟ್ಟುಕೊಳ್ಳುವುದು ಕಾನೂನಿನ ವಿಷಯವೂ ಹೌದು.

ಇನ್ನು ಅಂಕ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು, ಏಳು ದಿನದ ಶಿಬಿರ ಬೇರೆ. ಆ ಗಂಟೆಗಳನ್ನು ಬೇರೆ ಬೇರೆ ದಿನಾಚರಣೆಗಳಿಗೆ ಹಂಚಿ ಹಾಕುವ ಬದಲು ಒಂದೇ ಕಚೇರಿಗೆ ಕೊಡಬಹುದಾ ಅಂತ ಕಾರ್ಯಕ್ರಮಾಧಿಕಾರಿಯನ್ನು ಕೇಳಿ. ಬಿ.ಇ. ಓದುವವರಿಗೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣ ಮಂಡಳಿಯ) 100 ಆ್ಯಕ್ಟಿವಿಟಿ ಪಾಯಿಂಟ್ ಇದೆ, ಕಂಬದ ಪಟ್ಟಿಯಂಥ ಕೆಲಸವನ್ನು ಅದಕ್ಕೆ ಲೆಕ್ಕ ಹಿಡಿಯಬಹುದಾ ಅಂತ ಕಾಲೇಜಿನಲ್ಲಿ ವಿಚಾರಿಸಿ. ನಿಮ್ಮ ಕಾಲೇಜು ಉನ್ನತ ಭಾರತ ಅಭಿಯಾನದಲ್ಲಿ ಇದ್ದರೆ ಹಳ್ಳಿಗಳನ್ನು ಆಗಲೇ ದತ್ತು ತೆಗೆದುಕೊಂಡಿರುತ್ತದೆ, ಆ ಪಂಚಾಯಿತಿಯ ಬಾಗಿಲು ಬೇಗ ತೆರೆಯುತ್ತದೆ. ಡಿಗ್ರಿ ಮುಗಿಸಿದವರಿಗೆ ನಗರ ಸಂಸ್ಥೆಗಳಲ್ಲಿ ಇಂಟರ್ನ್‌ಷಿಪ್ ಕೊಡಿಸಲು ಕೇಂದ್ರ ಸರ್ಕಾರ 2020ರಲ್ಲಿ ‘ಟುಲಿಪ್’ ಯೋಜನೆ ತಂದಿದೆ. ವಿ.ಸಿ. ಫಾರಂನ ಕೃಷಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳನ್ನೂ ಮಾತಾಡಿಸಿ. ಅವರಿಗೆ ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡುವುದು ಪಾಠದ ಭಾಗ. ಊರಿನವರ ವಿಶ್ವಾಸ ಗಳಿಸುವುದು ಹೇಗೆ ಅಂತ ಅವರಷ್ಟು ಚೆನ್ನಾಗಿ ನಿಮಗೆ ಯಾರೂ ಹೇಳಲಾರರು.

ಗುಂಪಿನಲ್ಲಿ ಎರಡನೆಯ ವರ್ಷದವರು ಅರ್ಧದಷ್ಟಾದರೂ ಇರಲಿ. ಕೊನೆಯ ವರ್ಷದವರೇ ಇದ್ದರೆ ಮೇ ತಿಂಗಳಿಗೆ ಎಲ್ಲ ನಿಂತುಹೋಗುತ್ತದೆ. ಪ್ರಶ್ನೆಗಳ ಹಾಳೆ, ತುಂಬಿದ ಲೆಕ್ಕ, ಯಾವ ಅಧಿಕಾರಿಯ ಜೊತೆ ಯಾವತ್ತು ಏನು ಮಾತಾಯಿತು ಅನ್ನುವ ಡೈರಿ, ಈ ಮೂರನ್ನೂ ಕಾಲೇಜಿನ ಗ್ರಂಥಾಲಯದಲ್ಲಿ ಇಡಿ. ಅಧಿಕಾರಿಗೂ ವರ್ಗಾವಣೆ ಆಗುತ್ತದೆ. ಹೊಸಬರು ಬಂದ ವಾರದಲ್ಲೇ ಹೋಗಿ ಆ ಡೈರಿ ತೋರಿಸಿ, ಹಿಂದಿನವರು ಒಪ್ಪಿದ್ದನ್ನು ನೆನಪಿಸಿ.

ಈ ವಾರ ಮಾಡಬೇಕಾದದ್ದು ಒಂದು ಪತ್ರ. ಪೌರಾಯುಕ್ತರ ಹೆಸರಿಗೆ, ಒಂದೇ ಪುಟ, ಕನ್ನಡದಲ್ಲಿ, ಪ್ರಾಂಶುಪಾಲರ ಸಹಿಯೊಂದಿಗೆ. ಯಾವ ಕೌಂಟರ್, ಎಷ್ಟು ತಿಂಗಳು, ಎಷ್ಟು ವಿದ್ಯಾರ್ಥಿಗಳು, ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಅಂತ ಬರೆಯಿರಿ. ‘ಈ ಕೌಂಟರಿನಲ್ಲಿ ನಿಮಗೆ ಜಾಸ್ತಿ ತೊಂದರೆ ಕೊಡುತ್ತಿರುವುದು ಯಾವುದು, ದಯವಿಟ್ಟು ತಿಳಿಸಿ’ ಅಂತ ಕೊನೆಯಲ್ಲಿ ಕೇಳಿ. ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಒಂದು ವಾರ ಬಿಟ್ಟು ಆ ಪ್ರತಿ ಹಿಡಿದು ನಿಮ್ಮಲ್ಲಿ ಇಬ್ಬರು, ಜೊತೆಗೆ ಒಬ್ಬ ಮೇಷ್ಟ್ರು ಹೋಗಿ ಅವರನ್ನು ಕಾಣಿ. ಮೊದಲ ದಿನ ಸಿಗದಿದ್ದರೆ ಮತ್ತೊಂದು ದಿನ ಹೋಗಿ.